ಅಳುವವರ ಮನೆಯಲ್ಲಿ ನಮ್ಮ ವಿಶ್ವಾಸ

ಧರ್ಮಸಭೆಯ ವಾರ್ಷಿಕ ಪಂಚಾಂಗದಲ್ಲಿ ನವೆಂಬರ್ ತಿಂಗಳಿಗೆ ವಿಶಿಷ್ಟ ಸ್ಥಾನವಿದೆ. ತಿಂಗಳ ಮೊದಲ ದಿನ ಸಕಲ ಸಂತರ ಮಹೋತ್ಸವ. ಮರುದಿನ ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಕರಾವಳಿಯ ಧರ್ಮಕೇಂದ್ರಗಳಲ್ಲಾಗಲಿ, ಮೈಸೂರು ಬೆಂಗಳೂರು ಸೀಮೆಯ ಹಳ್ಳಿಗಳಲ್ಲಾಗಲಿ, ಆ ದಿನಗಳಲ್ಲಿ ನಮ್ಮ ಕುಟುಂಬಗಳು ಸಮಾಧಿಭೂಮಿಯ ಕಳೆ ಕಿತ್ತು, ಗೋರಿಗಳಿಗೆ ಸುಣ್ಣ ಬಳಿದು, ಹೂವಿರಿಸಿ, ಮೇಣದ ಬತ್ತಿ ಹಚ್ಚಿ, ಅಗಲಿದವರ ಹೆಸರನ್ನು ಮತ್ತೊಮ್ಮೆ ಗಟ್ಟಿಯಾಗಿ ಉಚ್ಚರಿಸುತ್ತವೆ. ಗುರುಗಳು ತೀರ್ಥ ಪ್ರೋಕ್ಷಿಸುತ್ತ ಗೋರಿಯಿಂದ ಗೋರಿಗೆ ನಡೆಯುವಾಗ, ಅಜ್ಜಂದಿರ ಹೆಸರನ್ನಷ್ಟೇ ಕೇಳಿ ಬಲ್ಲ ಮಕ್ಕಳು ಕೂಡ ತಾವು ಯಾವ ಬೇರಿನ ಕೊಂಬೆಗಳೆಂಬುದನ್ನು ಅರಿಯುತ್ತಾರೆ. ಇದು ನಮ್ಮ ಹಿರಿಯರು ಕಾಪಾಡಿಕೊಂಡು ಬಂದ ಒಳ್ಳೆಯ ಪರಂಪರೆ.

ಆದರೆ ಆ ಸಮಾಧಿಭೂಮಿಯಲ್ಲಿ ನಿಂತವರೆಲ್ಲರ ದುಃಖ ಒಂದೇ ಬಗೆಯದಲ್ಲ. ಮೂವತ್ತು ವರ್ಷದ ಹಿಂದೆ ತೀರಿಕೊಂಡ ತಂದೆಯನ್ನು ನೆನೆಯುವವನ ಮನಸ್ಸು ಬೇರೆ. ಮೂರು ತಿಂಗಳ ಹಿಂದೆ ಮಗನನ್ನು ಮಣ್ಣಿಗಿಟ್ಟ ತಾಯಿಯ ಒಡಲು ಬೇರೆ. ಹೊಸ ಗೋರಿಯ ಮುಂದೆ ನಿಂತ ಈ ತಾಯಿಗೆ ನಮ್ಮ ವಿಶ್ವಾಸ ಏನು ಹೇಳುತ್ತದೆ? ಅದಕ್ಕಿಂತ ಮುಖ್ಯವಾಗಿ, ಆ ವಿಶ್ವಾಸದ ಹೆಸರಿನಲ್ಲಿ ನಮ್ಮ ಸಮುದಾಯ ಆಕೆಗೆ ಏನು ಹೇಳುತ್ತಿದೆ? ಈ ಎರಡು ಪ್ರಶ್ನೆಗಳ ಉತ್ತರ ಒಂದೇ ಆಗಿರಬೇಕಿತ್ತು. ಹಲವು ವೇಳೆ ಹಾಗಿಲ್ಲವೆಂಬುದೇ ಇಂದಿನ ಈ ಬರಹಕ್ಕೆ ಕಾರಣ.

ಸಾವಿನ ಮನೆಗೆ ಹೋದಾಗ ಕೇಳಿಬರುವ ಮಾತುಗಳನ್ನು ಎಲ್ಲರೂ ಬಲ್ಲರು. ಎಲ್ಲವೂ ದೇವರ ಚಿತ್ತ ಎನ್ನುತ್ತಾರೆ ಕೆಲವರು. ದೇವರಿಗೆ ಒಳ್ಳೆಯವರೇ ಬೇಗ ಬೇಕು ಎನ್ನುತ್ತಾರೆ ಮತ್ತೆ ಕೆಲವರು. ಪೂಜೆ ಜಪಸರ ತಪ್ಪಿಸದ ಮನೆಯವರು ಹೀಗೆ ಅಳುವುದೇ ಎಂದು ಮೆಲುದನಿಯಲ್ಲಿ ಆಕ್ಷೇಪಿಸುವವರೂ ಉಂಟು. ಆಡುವವರ ಮನಸ್ಸು ಒಳ್ಳೆಯದೇ. ಆದರೆ ಕೊನೆಯ ಮಾತು ಮಾತ್ರ ದುಃಖಿತರ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಡುತ್ತದೆ. ಪ್ರಿಯರನ್ನು ಕಳೆದುಕೊಂಡ ನೋವಿನ ಜೊತೆಗೆ, ತಮ್ಮ ವಿಶ್ವಾಸವೇ ಕೊರತೆಯದೆಂಬ ಇನ್ನೊಂದು ಹೊರೆಯನ್ನು ಅವರು ಹೊರಬೇಕಾಗುತ್ತದೆ. ಈ ಎರಡನೆಯ ಹೊರೆಯನ್ನು ಹೊರಿಸುವ ಅಧಿಕಾರವನ್ನು ಶುಭಸಂದೇಶ ಯಾರಿಗೂ ಕೊಟ್ಟಿಲ್ಲ.

ಬೆಥಾನಿಯದ ಇಬ್ಬರು ಸೋದರಿಯರು

ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯವನ್ನು ಮೃತರ ಬಲಿಪೂಜೆಗಳಲ್ಲಿ ನಾವು ಮೇಲಿಂದ ಮೇಲೆ ಕೇಳಿದ್ದೇವೆ. ಲಾಜರನು ಕಾಯಿಲೆ ಬಿದ್ದ ಸುದ್ದಿ ತಿಳಿದ ಮೇಲೂ ಯೇಸುಸ್ವಾಮಿ ಎರಡು ದಿನ ತಡೆಯುತ್ತಾರೆ. ಅವರು ಬೆಥಾನಿಯ ತಲುಪುವಾಗ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಕಳೆದಿರುತ್ತದೆ. ಮರ್ತಳು ಎದ್ದು ಅವರನ್ನು ಎದುರುಗೊಳ್ಳಲು ಓಡುತ್ತಾಳೆ. ಮರಿಯಳು ಮನೆಯಲ್ಲೇ ಕುಳಿತಿರುತ್ತಾಳೆ. ಮುಂದೆ ಇಬ್ಬರೂ ಬೇರೆ ಬೇರೆಯಾಗಿ ಸ್ವಾಮಿಯೆದುರು ಆಡುವುದು ಒಂದೇ ಅಳಲು: ತಾವು ಸಕಾಲಕ್ಕೆ ಇಲ್ಲಿದ್ದಿದ್ದರೆ ನಮ್ಮ ಸೋದರ ಉಳಿಯುತ್ತಿದ್ದನೆಂಬುದು.

ಅಳಲು ಒಂದೇ ಆದರೂ ಸ್ವಾಮಿಯ ಉತ್ತರ ಒಂದೇ ಅಲ್ಲ ಎಂಬುದನ್ನು ನಾವು ಗಮನಿಸಬೇಕು. ಮಾತಿಗೆ ನಿಂತ ಮರ್ತಳಿಗೆ ಅವರು ಪುನರುತ್ಥಾನದ ಬೋಧನೆಯನ್ನು ನೀಡುತ್ತಾರೆ. ಕಾಲಿಗೆ ಬಿದ್ದು ಅತ್ತ ಮರಿಯಳಿಗೆ ಬೋಧನೆಯ ಒಂದು ಮಾತನ್ನೂ ಆಡುವುದಿಲ್ಲ. ಮನನೊಂದು, ಸಮಾಧಿ ಎಲ್ಲಿದೆಯೆಂದು ಕೇಳಿ, ತಾವೂ ಕಣ್ಣೀರಿಡುತ್ತಾರೆ. ಇನ್ನು ಕೆಲವೇ ಕ್ಷಣಗಳಲ್ಲಿ ಲಾಜರನನ್ನು ಜೀವಂತವಾಗಿ ಎಬ್ಬಿಸಲಿರುವವರು ಅವರು. ಆದರೂ ಅತ್ತರು. ಪುನರುತ್ಥಾನವನ್ನು ತಮ್ಮ ಕೈಯಲ್ಲಿಯೇ ಹಿಡಿದವರು ಅಳಬಹುದಾದರೆ, ಅದನ್ನು ನಂಬಿಕೆಯಿಂದ ಮಾತ್ರ ಎದುರುನೋಡುವ ನಾವು ಅಳಬಾರದೆಂಬ ನಿಯಮ ಎಲ್ಲಿಂದ ಬಂದಿತು?

ಸಂತ ಪೌಲರು ಥೆಸಲೋನಿಯದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯವನ್ನು ಈ ನಿಯಮಕ್ಕೆ ಆಧಾರವಾಗಿ ಹೇಳುವವರಿದ್ದಾರೆ. ಆದರೆ ಪೌಲರು ಅಲ್ಲಿ ದುಃಖವನ್ನೇ ನಿಷೇಧಿಸಿಲ್ಲ. ನಿರೀಕ್ಷೆಯಿಲ್ಲದವರ ರೀತಿಯಲ್ಲಿ ದುಃಖಿಸಬಾರದೆಂಬುದೇ ಅವರ ಬೋಧೆ. ನಿರೀಕ್ಷೆಯುಳ್ಳ ದುಃಖವೂ ದುಃಖವೇ. ಕಡಲಾಚೆಗೆ ದುಡಿಯಲು ಹೋಗುವ ಮಗನನ್ನು ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವ ತಾಯಿಗೆ ಅವನು ಮರಳಿ ಬರುವನೆಂಬ ಭರವಸೆ ಇದ್ದೇ ಇರುತ್ತದೆ. ಹಾಗೆಂದು ಆಕೆಯ ಕಣ್ಣು ಒಣಗಿರುವುದಿಲ್ಲ. ನಮ್ಮ ಕಣ್ಣೀರನ್ನು ಅಳಿಸಿಹಾಕುವುದು ಭರವಸೆಯ ಕೆಲಸವಲ್ಲ. ಅದು ಹತಾಶೆಯ ಕೆಸರಿನಲ್ಲಿ ಹೂತುಹೋಗದಂತೆ ತಡೆಯುವುದಷ್ಟೇ ಅದರ ಕೆಲಸ.

ಒಬ್ಬ ಸಂತನ ಕಣ್ಣೀರು

ಈ ಮಾತಿಗೆ ಧರ್ಮಸಭೆಯ ಚರಿತ್ರೆಯಲ್ಲಿ ಸಂತ ಅಗಸ್ಟಿನರಿಗಿಂತ ದೊಡ್ಡ ಸಾಕ್ಷಿಯಿಲ್ಲ. ಕ್ರಿ.ಶ. 387ರಲ್ಲಿ, ಆಫ್ರಿಕದ ಸ್ವಂತ ಊರಿಗೆ ಮರಳುವ ದಾರಿಯಲ್ಲಿ, ರೋಮಿನ ಸಮೀಪದ ಓಸ್ತಿಯ ಬಂದರಿನಲ್ಲಿ ಅವರ ತಾಯಿ ಸಂತ ಮೋನಿಕ ಜ್ವರಪೀಡಿತರಾಗಿ ತೀರಿಕೊಂಡರು. ಮಗನ ಮನಪರಿವರ್ತನೆಗಾಗಿ ವರ್ಷಗಟ್ಟಲೆ ಅತ್ತ ತಾಯಿ ಅವರು. ಅಗಸ್ಟಿನರು ಆಗಷ್ಟೇ ಜ್ಞಾನಸ್ನಾನ ಪಡೆದಿದ್ದರು. ವಿಶ್ವಾಸಿಯ ಮರಣಕ್ಕೆ ಗೋಳಾಡುವುದು ತರವಲ್ಲವೆಂದು ಭಾವಿಸಿ ಅವರು ತಮ್ಮ ಕಣ್ಣೀರನ್ನು ಬಲವಂತವಾಗಿ ತಡೆಹಿಡಿದರು. ಗಟ್ಟಿಯಾಗಿ ಅತ್ತ ಎಳೆಯ ಮಗ ಅದೆಯೊದಾತನನ್ನು ಅಲ್ಲಿದ್ದವರು ಸುಮ್ಮನಿರಿಸಿದರು. ಮಣ್ಣು ಮಾಡುವಾಗಲೂ ಅಗಸ್ಟಿನರು ಅಳಲಿಲ್ಲ. ದುಃಖ ಇಳಿಯಲೆಂದು ಸ್ನಾನಕ್ಕೂ ಹೋದರು, ಇಳಿಯಲಿಲ್ಲ. ಮಲಗಿ ಎದ್ದ ಮೇಲೆ, ಯಾರೂ ಇಲ್ಲದೆಡೆ, ದೇವರೊಬ್ಬರ ಮುಂದೆ ಕಟ್ಟೆಯೊಡೆದು ಅತ್ತರು. ಇದೆಲ್ಲವನ್ನೂ ಅವರು ತಮ್ಮ ‘ಕನ್ಫೆಷನ್ಸ್’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಬರೆದಿಟ್ಟಿದ್ದಾರೆ. ತಾಯಿಗಾಗಿ ತಾನು ಅತ್ತದ್ದನ್ನು ತಪ್ಪೆಂದು ಎಣಿಸುವವರಿದ್ದರೆ ಅವರು ನಗುವುದು ಬೇಡ, ತನಗಾಗಿ ದೇವರಲ್ಲಿ ಮೊರೆಯಿಡಲಿ ಎಂದೂ ಅವರು ಬಿನ್ನವಿಸುತ್ತಾರೆ.

ಅದೇ ಪುಟಗಳಲ್ಲಿ ಇನ್ನೊಂದು ಸಂಗತಿಯಿದೆ. ಸ್ವಂತ ಊರಿನಲ್ಲಿ, ಗಂಡನ ಬದಿಯಲ್ಲಿ ಮಣ್ಣಾಗಬೇಕೆಂದು ಮೋನಿಕ ಬಹುಕಾಲದಿಂದ ಆಶಿಸಿದ್ದರು. ಕೊನೆಗಾಲದಲ್ಲಿ ಆ ಆಸೆಯನ್ನು ಬಿಟ್ಟು, ದೇಹವನ್ನು ಎಲ್ಲಿಯಾದರೂ ಇಡಿ, ದೇವರ ಪೀಠದ ಬಳಿಯಲ್ಲಿ ಮಾತ್ರ ತನ್ನನ್ನು ನೆನೆಯಿರಿ ಎಂದು ಮಕ್ಕಳಲ್ಲಿ ಕೇಳಿಕೊಂಡರು. ಮಕ್ಕಳು ದೂರದ ನಗರಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿ, ಅಪ್ಪ ಅಮ್ಮನ ಗೋರಿಯನ್ನು ವರ್ಷಕ್ಕೊಮ್ಮೆಯೂ ನೋಡಲಾಗದ ಇಂದಿನ ನಮ್ಮ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕಿಲ್ಲ. ಗೋರಿ ಒಂದೇ ಊರಿನಲ್ಲಿದೆ. ಪೂಜಾಪೀಠ ಎಲ್ಲ ಊರುಗಳಲ್ಲಿಯೂ ಇದೆ.

ಕೈಗೆ ಕೊಟ್ಟ ಕೆಲಸ

ಪ್ರೀತಿಪಾತ್ರರು ತೀರಿಕೊಂಡಾಗ ಉಳಿದವರನ್ನು ಹೆಚ್ಚು ಕಾಡುವುದು, ಇನ್ನು ಅವರಿಗಾಗಿ ಏನನ್ನೂ ಮಾಡಲಾಗದೆಂಬ ಭಾವನೆ. ಇಷ್ಟು ದಿನ ಔಷಧ ಕೊಟ್ಟ, ಗಂಜಿ ಕುಡಿಸಿದ, ಮಗ್ಗುಲು ಬದಲಿಸಿದ ಕೈಗಳು ಥಟ್ಟನೆ ಬರಿದಾಗುತ್ತವೆ. ಕಥೋಲಿಕ ವಿಶ್ವಾಸದ ಅತ್ಯಂತ ಮಾನವೀಯವಾದ ಬೋಧನೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಪ್ರೀತಿ ಮರಣದೊಂದಿಗೆ ನಿಲ್ಲುವುದಿಲ್ಲ. ಅಗಲಿದವರಿಗಾಗಿ ನಾವು ಇನ್ನೂ ಪ್ರಾರ್ಥಿಸಬಹುದು, ದಾನ ಮಾಡಬಹುದು, ಬಲಿಪೂಜೆ ಅರ್ಪಿಸಬಹುದು. ಮಡಿದ ಯೋಧರಿಗಾಗಿ ಯೂದ ಮಕ್ಕಬಿಯನು ಎರಡು ಸಾವಿರ ಬೆಳ್ಳಿಯ ದ್ರಾಖ್ಮಗಳನ್ನು ಸಂಗ್ರಹಿಸಿ ಜೆರುಸಲೇಮಿಗೆ ಕಳುಹಿಸಿದ ವೃತ್ತಾಂತ ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿದೆ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಸಂತ ಗ್ರೆಗೊರಿಯವರು, ಮೃತನಾದ ಒಬ್ಬ ಮಠವಾಸಿಗಾಗಿ 30 ದಿನ ಎಡೆಬಿಡದೆ ಬಲಿಪೂಜೆ ಅರ್ಪಿಸಿದ ಸಂಗತಿಯನ್ನು ಬರೆದಿದ್ದಾರೆ. ಗ್ರೆಗೊರಿಯನ್ ಪೂಜೆಗಳೆಂಬ ಪದ್ಧತಿಯ ಮೂಲ ಅದು. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥರಾಗಿದ್ದ ಸಂತ ಓದಿಲೊ ಸುಮಾರು 998ರಲ್ಲಿ ತಮ್ಮ ಮಠಗಳಲ್ಲಿ ನವೆಂಬರ್ 2ನ್ನು ಎಲ್ಲ ಮೃತರಿಗಾಗಿ ಮೀಸಲಿರಿಸಿದರು. ಅಲ್ಲಿಂದ ಅದು ಪಶ್ಚಿಮದ ಧರ್ಮಸಭೆಯಲ್ಲೆಲ್ಲ ಹಬ್ಬಿತು. ಮೊದಲ ಮಹಾಯುದ್ಧದಲ್ಲಿ ಮನೆಮನೆಯಲ್ಲೂ ಸಾವು ಹೊಕ್ಕಿದ್ದಾಗ, 1915ರಲ್ಲಿ, ಪೋಪ್ 15ನೆಯ ಬೆನೆಡಿಕ್ಟರು ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿಯಿತ್ತರು. ಕೋವಿಡ್ ವ್ಯಾಧಿಯ ಕಾಲದಲ್ಲಿ, 2020ರಲ್ಲಿ, ನವೆಂಬರ್ ಮೊದಲ ವಾರಕ್ಕೆ ಮೀಸಲಾಗಿದ್ದ ಪೂರ್ಣ ಪಾಪದಂಡ ವಿಮೋಚನೆಯ ಅವಕಾಶವನ್ನು ರೋಮ್ ಇಡೀ ತಿಂಗಳಿಗೆ ವಿಸ್ತರಿಸಿತು.

ಸಾವು ಹೆಚ್ಚಿದ ಕಾಲಗಳಲ್ಲೆಲ್ಲ ಧರ್ಮಸಭೆ ತನ್ನ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆದಿದೆಯೆಂಬುದು ಈ ಚರಿತ್ರೆಯಿಂದ ಸ್ಪಷ್ಟ. ಕೋವಿಡಿನ ದಿನಗಳಲ್ಲಿ ಮುಖ ನೋಡದೆ, ಮುಟ್ಟದೆ, ಹಣೆಗೆ ಶಿಲುಬೆಯ ಗುರುತು ಹಾಕದೆ ತಮ್ಮವರನ್ನು ಕಳುಹಿಸಿಕೊಟ್ಟ ಕುಟುಂಬಗಳು ನಮ್ಮ ನಡುವೆ ಇವೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿತೆಗೆದುಕೊಂಡ ವಿಮಾನ ದುರಂತದ ನೋವನ್ನು ಇಂದಿಗೂ ಹೊತ್ತ ಮನೆಗಳಿವೆ. ಸರಿಯಾಗಿ ಬೀಳ್ಕೊಡಲಾಗದ ಈ ಕೊರಗಿಗೆ ಬಲಿಪೂಜೆಯೇ ಧರ್ಮಸಭೆ ಕೊಡುವ ಉತ್ತರ. ಅಲ್ಲಿ ಬೀಳ್ಕೊಡುವ ಗಳಿಗೆ ಮೀರಿಹೋಗುವುದಿಲ್ಲ.

ಅಂತ್ಯಕ್ರಿಯೆಯ ವಿಧಿಗಳಲ್ಲಿಯೂ ಇದೇ ಭರವಸೆ ಅಡಗಿದೆ. ಕ್ರೈಸ್ತನ ಮರಣದ ಪಾಸ್ಕ ಸ್ವರೂಪವು ವಿಧಿಗಳಲ್ಲಿ ಇನ್ನೂ ಸ್ಪಷ್ಟವಾಗಿ ತೋರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆದೇಶಿಸಿತು. ಅದರಂತೆ 1969ರಲ್ಲಿ ಹೊಸ ವಿಧಿಗ್ರಂಥ ಹೊರಬಂದಿತು. ಶವಪೆಟ್ಟಿಗೆಯ ಬಳಿ ಉರಿಯುವ ಪಾಸ್ಕ ಬತ್ತಿ ಪುನರುತ್ಥಾನದ ರಾತ್ರಿಯದು. ಪ್ರೋಕ್ಷಿಸುವ ತೀರ್ಥ ಜ್ಞಾನಸ್ನಾನದ ನೆನಪು. ಧೂಪಾರತಿ, ಪವಿತ್ರಾತ್ಮರ ಆಲಯವಾಗಿದ್ದ ದೇಹಕ್ಕೆ ಸಲ್ಲುವ ಗೌರವ. ಇವುಗಳ ಅರ್ಥವನ್ನು ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳಿಗೆ ಮುಂಚಿತವಾಗಿಯೇ ತಿಳಿಸಿಕೊಟ್ಟರೆ, ಮನೆಯಲ್ಲಿ ಸಾವು ಬಂದ ದಿನ ಆ ವಿಧಿಗಳೇ ಅವರೊಡನೆ ಮಾತಾಡಿಯಾವು.

ಎರಡು ಬಗೆಯ ಮನೆಗಳು

ಈಗ ನಾವು ಕಠಿಣವಾದ ಮಾತಿಗೆ ಬರಬೇಕಾಗಿದೆ. ಧರ್ಮಸಭೆ ಕರುಣೆಯಿಂದ ನುಡಿದರೂ ಸಮುದಾಯದ ನಾಲಿಗೆ ಕಠೋರವಾಗಿಯೇ ಉಳಿದ ಎರಡು ಬಗೆಯ ಮನೆಗಳಿವೆ.

ಮೊದಲನೆಯದು, ಜ್ಞಾನಸ್ನಾನಕ್ಕೆ ಮುನ್ನವೇ ಶಿಶುವನ್ನು ಕಳೆದುಕೊಂಡ ಮನೆ. 1917ರ ಧರ್ಮಸಭಾ ಕಾನೂನು ಸಂಹಿತೆಯಂತೆ ಅಂಥ ಕೂಸಿಗೆ ಧರ್ಮಸಭೆಯ ಶವಸಂಸ್ಕಾರವಿರಲಿಲ್ಲ. ಹೆತ್ತವರು ಕೂಸನ್ನು ಸದ್ದಿಲ್ಲದೆ ಯಾವುದೋ ಮೂಲೆಯಲ್ಲಿ ಮಣ್ಣುಮಾಡಿ, ಬಾಯಿಮುಚ್ಚಿ ಬದುಕಬೇಕಾಗಿತ್ತು. ಇಂದು ಹಾಗಿಲ್ಲ. ಜ್ಞಾನಸ್ನಾನ ಕೊಡಿಸಬೇಕೆಂಬ ಇಚ್ಛೆ ಹೆತ್ತವರಿಗಿದ್ದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಆ ಕೂಸಿಗೆ ಧರ್ಮಸಭೆಯ ಅಂತ್ಯಕ್ರಿಯೆ ನಡೆಸಬಹುದೆಂದು 1983ರ ಸಂಹಿತೆಯ 1183ನೆಯ ನಿಯಮ ಹೇಳುತ್ತದೆ. ಅಂಥ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ನಮಗೆ ಗಂಭೀರವಾದ ಕಾರಣಗಳಿವೆಯೆಂದು ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಪ್ರಕಟಿಸಿದ ದಾಖಲೆ ವಿವರಿಸಿದೆ. ಇಷ್ಟಾದರೂ, ಇನ್ನೊಂದು ಹುಟ್ಟುತ್ತದೆ ಬಿಡಿ ಎಂದು ಆ ತಾಯಿಯ ಬಾಯಿ ಮುಚ್ಚಿಸುವವರು ಕಡಿಮೆಯಾಗಿಲ್ಲ. ಸಂತ ತೆರೇಸಮ್ಮನವರ ತಾಯಿ ಸೆಲಿ ಮಾರ್ಟಿನ್ ತಮ್ಮ ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡರು. ಆ ಮಕ್ಕಳು ಹುಟ್ಟದಿದ್ದರೇ ಚೆನ್ನಾಗಿತ್ತೆಂಬ ಜನರ ಮಾತನ್ನು ತಾವು ಸಹಿಸಲಾರದೆ ಹೋದುದನ್ನು ಅವರು ಪತ್ರದಲ್ಲಿ ಬರೆದಿದ್ದಾರೆ. ಆ ಮಕ್ಕಳು ಇಲ್ಲವಾಗಿಲ್ಲ, ಪರಲೋಕದಲ್ಲಿ ಸಿಗುತ್ತಾರೆಂಬುದೇ ಅವರ ನಂಬಿಕೆಯಾಗಿತ್ತು. 2015ರಲ್ಲಿ ಧರ್ಮಸಭೆ ಆ ದಂಪತಿಯನ್ನು ಸಂತರೆಂದು ಸಾರಿತು.

ಎರಡನೆಯದು, ಮನೆಯವರೊಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ಮನೆ. ಬೇರೆ ಸಾವಿನ ಮನೆಗೆ ಊರೇ ನೆರೆಯುತ್ತದೆ. ಈ ಮನೆಯ ಅಂಗಳದಲ್ಲಿ ಪಿಸುಮಾತು ಹೆಚ್ಚು, ಹೆಗಲು ಕಡಿಮೆ. ಹಳೆಯ ಸಂಹಿತೆ ಉದ್ದೇಶಪೂರ್ವಕ ಆತ್ಮಹತ್ಯೆಗೆ ಶವಸಂಸ್ಕಾರವನ್ನು ನಿರಾಕರಿಸಿತ್ತೆಂಬುದು ನಿಜ. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಜೀವವನ್ನು ನೀಗಿಕೊಳ್ಳುವುದು ಗಂಭೀರವಾದ ತಪ್ಪೆಂಬ ಬೋಧನೆಯನ್ನು ಉಳಿಸಿಕೊಂಡೇ, ತೀವ್ರವಾದ ಮಾನಸಿಕ ಅಸ್ವಸ್ಥತೆ, ಭಯ, ಯಾತನೆಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತವೆಯೆಂದು ತಿಳಿಸುತ್ತದೆ. ಅಂಥವರ ನಿತ್ಯರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದೆಂದೂ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆಂದೂ ಸಾರುತ್ತದೆ. ಧರ್ಮಸಭೆಯೇ ತೀರ್ಪು ಕೊಡದೆ ಮೊಣಕಾಲೂರಿರುವಾಗ, ನೆರೆಹೊರೆಯವರು ತೀರ್ಪುಗಾರರಾಗುವುದು ಸಲ್ಲದು. ಆ ಮನೆಯ ಹೆತ್ತವರು, ಹೆಂಡತಿ, ಮಕ್ಕಳು ಹಗಲಿರುಳೂ ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುತ್ತಿರುತ್ತಾರೆ. ನಮ್ಮ ಪ್ರಶ್ನೆಗಳು ಅವರಿಗೆ ಬೇಕಿಲ್ಲ.

ಏಳನೆಯ ದಿನದ ಮೇಲೆ

ಯೋಬನ ಗ್ರಂಥದಲ್ಲಿ ಆತನ ಮೂವರು ಗೆಳೆಯರು ಮೊದಲು ಮಾಡಿದ ಕೆಲಸ ಶ್ಲಾಘ್ಯವಾದುದು. ಏಳು ಹಗಲು ಏಳು ಇರುಳು ಅವರು ಆತನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ಆತನ ಕಷ್ಟಕ್ಕೆ ಕಾರಣಗಳನ್ನು ಹುಡುಕಿ ದೇವರ ಪರವಾಗಿ ವಾದಿಸಹೊರಟ ಅವರ ಮೇಲೆಯೇ ಕೊನೆಗೆ ದೇವರು ಕೋಪಿಸಿಕೊಂಡರು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾದ ರೂಢಿ ಬೆಳೆಯುತ್ತಿದೆ. ಮೊದಲ ದಿನವೇ ಮಾತಿನ ಸುರಿಮಳೆ. ಏಳನೆಯ ದಿನದ ಪೂಜೆ ಮುಗಿದು ಊಟವಾದ ಮೇಲೆ ಆ ಮನೆಯತ್ತ ಸುಳಿಯುವವರಿಲ್ಲ. ನೆಂಟರು ತಮ್ಮ ತಮ್ಮ ಕೆಲಸಕ್ಕೆ ಹಿಂದಿರುಗುತ್ತಾರೆ. ದುಃಖ ಮಾತ್ರ ಆಗಲೇ ತನ್ನ ಸಾಮಾನು ಬಿಚ್ಚಿ ಮನೆಯಲ್ಲಿ ನೆಲೆಸತೊಡಗುತ್ತದೆ. ಪಡಿತರ ಚೀಟಿ, ಬ್ಯಾಂಕಿನ ಖಾತೆ, ಪಿಂಚಣಿಯ ಅರ್ಜಿ, ಮಕ್ಕಳ ಶಾಲಾ ಶುಲ್ಕ ಎಂದು ವಿಧವೆಯಾದವಳು ಒಬ್ಬಳೇ ಕಚೇರಿಯಿಂದ ಕಚೇರಿಗೆ ಅಲೆಯುವುದು ಆ ಬಳಿಕವೇ. ವಿಧವೆಯರ ಯೋಗಕ್ಷೇಮದಲ್ಲಿ ತಾರತಮ್ಯವಾಗುತ್ತಿದೆಯೆಂಬ ದೂರು ಬಂದಾಗ ಪ್ರೇಷಿತರು ಏಳು ಮಂದಿಯನ್ನು ಅದಕ್ಕಾಗಿಯೇ ನೇಮಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ತಿಳಿಸುತ್ತದೆ. ಆದಿಸಭೆಗೆ ಅದು ಬಿಡುವಿನ ವೇಳೆಯ ಉಪಕಾರವಾಗಿರಲಿಲ್ಲ, ಕರ್ತವ್ಯವಾಗಿತ್ತು.

ಅಂತ್ಯಕ್ರಿಯೆಯ ಆಡಂಬರದ ಬಗೆಗೂ ಒಂದು ಮಾತು ಅಗತ್ಯ. ದುಬಾರಿ ಶವಪೆಟ್ಟಿಗೆ, ಹೂವಿನ ರಾಶಿ, ವಿಡಿಯೊ ಚಿತ್ರೀಕರಣ, ಏಳನೆಯ ದಿನದ ಭಾರಿ ಊಟ ಇವೆಲ್ಲ ಉಳ್ಳವರಿಗೆ ಹೊರೆಯಾಗದಿರಬಹುದು. ಅವರನ್ನು ನೋಡಿ ಬಡವರು ಸಾಲ ಮಾಡುತ್ತಾರೆಂಬುದೇ ಚಿಂತೆಯ ವಿಷಯ. 2025ರ ಏಪ್ರಿಲ್ 21ರಂದು, ಪಾಸ್ಕ ಹಬ್ಬದ ಮರುದಿನ, ತೀರಿಕೊಂಡ ಪೋಪ್ ಫ್ರಾನ್ಸಿಸರು, ಪೋಪರನ್ನು ಮೂರು ಪೆಟ್ಟಿಗೆಗಳಲ್ಲಿರಿಸುವ ಹಳೆಯ ಪದ್ಧತಿಯನ್ನು ಬದುಕಿರುವಾಗಲೇ ಕೈಬಿಡಿಸಿದ್ದರು. ಒಂದೇ ಒಂದು ಸರಳವಾದ ಮರದ ಪೆಟ್ಟಿಗೆಯಲ್ಲಿ ಅವರನ್ನು ರೋಮಿನ ಸಂತ ಮರಿಯ ಮಹಾದೇವಾಲಯದಲ್ಲಿ ಭೂಸ್ಥಾಪನೆ ಮಾಡಲಾಯಿತು. ಗೋರಿಯ ಮೇಲೆ ಕೊರೆದಿರುವುದು ಅವರ ಹೆಸರೊಂದೇ. ಪೋಪರಿಗೆ ಸಾಕಾದದ್ದು ನಮಗೂ ಸಾಕಾಗಬೇಕು. ಉಳಿದ ಹಣದಿಂದ ಒಂದು ಅನಾಥ ಮಗುವಿನ ಶಾಲಾ ಶುಲ್ಕ ತೆತ್ತರೆ, ಅಗಲಿದವರ ಹೆಸರಿನಲ್ಲಿ ಅದಕ್ಕಿಂತ ಉತ್ತಮವಾದ ಹೂಮಾಲೆ ಇನ್ನೊಂದಿಲ್ಲ.

ಆದುದರಿಂದ ನಮ್ಮ ಧರ್ಮಕೇಂದ್ರಗಳ ಮುಂದೆ ಕೆಲವು ಸಲಹೆಗಳನ್ನು ಇರಿಸಬಯಸುತ್ತೇವೆ. ಪ್ರತಿ ವಾರ್ಡಿನಲ್ಲಿಯೂ ಇಬ್ಬರು ಮೂವರು ಪ್ರೌಢರು, ಸಾವಾದ ಮನೆಗೆ ಒಂದು ವರ್ಷದ ತನಕ ತಿಂಗಳಿಗೊಮ್ಮೆಯಾದರೂ ಹೋಗಿಬರುವ ಹೊಣೆ ಹೊರಲಿ. ಕಾಗದಪತ್ರಗಳ ಕೆಲಸ ಬಲ್ಲ ನಿವೃತ್ತ ನೌಕರರು ನಮ್ಮಲ್ಲಿ ಅನೇಕರಿದ್ದಾರೆ. ಅವರು ವಿಧವೆಯರ ಜೊತೆ ಕಚೇರಿಗಳಿಗೆ ಹೋಗಲಿ. ಮೊದಲ ಕ್ರಿಸ್ಮಸ್, ಮೊದಲ ಪಾಸ್ಕ, ಮೊದಲ ವಿವಾಹ ವಾರ್ಷಿಕೋತ್ಸವ ಇಂಥ ದಿನಗಳಲ್ಲಿ ಖಾಲಿ ಕುರ್ಚಿಯೆದುರು ಕುಳಿತವರನ್ನು ಯಾರಾದರೂ ಊಟಕ್ಕೆ ಕರೆಯಲಿ. ಆ ವರ್ಷ ತೀರಿಕೊಂಡವರ ಹೆಸರುಗಳನ್ನು ನವೆಂಬರ್ 2ರ ಪೂಜೆಯಲ್ಲಿ ಓದುವಾಗ, ಹೆಸರಿಡುವ ಮುನ್ನವೇ ತೀರಿಕೊಂಡ ಶಿಶುಗಳನ್ನೂ ಸೇರಿಸಿಕೊಳ್ಳಲಿ. ದುಃಖ ಮಿತಿಮೀರಿ ಊಟ ನಿದ್ರೆ ಬಿಟ್ಟವರನ್ನು, ಬದುಕೇ ಬೇಡವೆನ್ನುವವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಲಿ. ಔಷಧವೂ ದೇವರ ಕೊಡುಗೆಯೆಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಹೇಳುತ್ತದೆ. ಅದೇ ಅಧ್ಯಾಯದಲ್ಲಿ ಮೃತರಿಗಾಗಿ ಅಳಬೇಕೆಂಬ ಮಾತೂ, ಬಳಿಕ ಸಮಾಧಾನ ತಂದುಕೊಳ್ಳಬೇಕೆಂಬ ಮಾತೂ ಒಟ್ಟಿಗೇ ಇವೆ.

ಸಾವಿಗೆ ಕೊನೆಯ ಮಾತಿಲ್ಲವೆಂಬುದು ನಮ್ಮ ವಿಶ್ವಾಸದ ಸಾರ. ಪ್ರತಿ ಭಾನುವಾರ ವಿಶ್ವಾಸ ಸಂಗ್ರಹ ಹೇಳುವಾಗ ನಾವದನ್ನು ಒಪ್ಪಿಕೊಳ್ಳುತ್ತೇವೆ. ಆದರೆ ಹೊಸ ಗೋರಿಯ ಮುಂದೆ ನಿಂತವರಿಗೆ ಅಂದು ಆ ಸಂಗ್ರಹವನ್ನು ಹೇಳಲು ದನಿಯೇ ಹೊರಡದಿರಬಹುದು. ಸಂತರ ಅನ್ಯೋನ್ಯತೆ ಎಂದು ನಾವು ಹೇಳುವುದರ ಅರ್ಥ ಅಂಥ ಹೊತ್ತಿನಲ್ಲಿ ಬೆಳಗಬೇಕು. ಅವರಿಗೆ ಪ್ರಾರ್ಥಿಸಲಾಗದಿದ್ದರೆ ಪಕ್ಕದಲ್ಲಿ ನಿಂತವರು ಅವರ ಪರವಾಗಿ ಪ್ರಾರ್ಥಿಸಲಿ. ಅವರಿಗೆ ನಿರೀಕ್ಷಿಸಲಾಗದಿದ್ದರೆ ಅವರ ಪಾಲಿನ ನಿರೀಕ್ಷೆಯನ್ನು ಸಮುದಾಯ ಹೊತ್ತು ನಿಲ್ಲಲಿ. ಅಗಲಿದ ಎಲ್ಲ ವಿಶ್ವಾಸಿಗಳಿಗೂ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಉಳಿದವರ ಮನೆಬಾಗಿಲಿಗೆ ನಮ್ಮ ಕಾಲುಗಳನ್ನು ನಡೆಸಲಿ.